ಕೆಂಗೇರಿ ಹಳಿಗೆ ಕರೆಂಟು ಬಂದ ಕಥೆ

ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ ದೇಶದ ಮೊದಲ ವಿದ್ಯುತ್ ರೈಲು ಹೊರಟದ್ದು 1925ರ ಫೆಬ್ರವರಿ 3ರಂದು. ಅದಕ್ಕೆ ನೂರು ತುಂಬಿದ ನೆಪದಲ್ಲಿ ಈ ಸ್ಮರಣ ಸಂಚಿಕೆ ಬರುತ್ತಿದೆ. ಪಶ್ಚಿಮ ಬೆಂಗಳೂರಿನ ಪಾಲನ್ನು ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ನಾನು ಮೊದಲು ಮಾಡಿದ್ದು ಕಳೆಯುವ ಲೆಕ್ಕ. ಈ ನೂರರಲ್ಲಿ ಸುಮಾರು ತೊಂಬತ್ತು ವರ್ಷ ನಮ್ಮ ಕೆಂಗೇರಿಯ ಹಳಿಯ ಮೇಲೆ ತಂತಿಯೇ ಇರಲಿಲ್ಲ. ಕಲ್ಲಿದ್ದಲು ಉರಿಯಿತು, ಆಮೇಲೆ ಡೀಸೆಲ್ ಉರಿಯಿತು. ಮೈಸೂರಿನವರೆಗೂ ಕರೆಂಟು ಮುಟ್ಟಿದ್ದು 2017ರಲ್ಲಿ. ಹೀಗಾಗಿ ಈ ಲೇಖನದಲ್ಲಿ ಸಂಭ್ರಮ ಸ್ವಲ್ಪ, ತಡವಾದ ಕಥೆಯೇ ಜಾಸ್ತಿ.

ತಡವಾಯಿತೆಂದು ಗೊಣಗುವ ಹಕ್ಕು ನಮಗೆ ಬೇರೆಯವರಿಗಿಂತ ಒಂದು ತೂಕ ಹೆಚ್ಚೇ ಇದೆ. ಮೈಸೂರು ಸೀಮೆಗೆ ಕರೆಂಟು ಹೊಸದೇನಲ್ಲವಲ್ಲ! ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡ ಶಿವನಸಮುದ್ರದ ಯೋಜನೆ 1902ರ ಜೂನ್‌ನಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಮುಟ್ಟಿಸಿತು. ಸುಮಾರು 147 ಕಿ.ಮೀ. ಉದ್ದದ ಮಾರ್ಗ, ಆ ಕಾಲಕ್ಕೆ ಅದು ಹೊರದೇಶದ ಎಂಜಿನಿಯರುಗಳೂ ಹುಬ್ಬೇರಿಸಿದ ದೂರ. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂತು. ಶಿವನಸಮುದ್ರ ಇರುವುದು ಮಳವಳ್ಳಿ ತಾಲ್ಲೂಕಿನಲ್ಲಿ, ಇವತ್ತಿನ ಮಂಡ್ಯ ಜಿಲ್ಲೆ. ಬೆಂಗಳೂರು–ಮೈಸೂರು ರೈಲು ಅದೇ ಜಿಲ್ಲೆಯ ಮದ್ದೂರು, ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣಗಳ ಮೇಲೆ ಹಾದುಹೋಗುತ್ತದೆ. ಕಾವೇರಿಯ ಕರೆಂಟು ಕೋಲಾರಕ್ಕೆ ಹೋಗಿ ಗಣಿಯ ಪಾತಾಳ ಸೇರಿತು. ಪಕ್ಕದ ಹಳಿಗೆ ಬರಲು ಇನ್ನೂ ನೂರಹತ್ತಕ್ಕೂ ಹೆಚ್ಚು ವರ್ಷ ತೆಗೆದುಕೊಂಡಿತು.

ಆ ಹಳಿಯ ಹುಟ್ಟು ಸಂತೋಷದ್ದಲ್ಲ. 1876ರಿಂದ 78ರವರೆಗಿನ ಭೀಕರ ಬರದಲ್ಲಿ ಮೈಸೂರು ಸಂಸ್ಥಾನ ತನ್ನ ಜನರಲ್ಲಿ ಸುಮಾರು ಐದನೇ ಒಂದು ಪಾಲನ್ನು ಕಳೆದುಕೊಂಡಿತ್ತು. ಬೆಂಗಳೂರು–ಮೈಸೂರು ಮೀಟರ್‌ಗೇಜ್ ಮಾರ್ಗದ ಮಣ್ಣು ಕೆಲಸ ಶುರುವಾದದ್ದು ಬರಪರಿಹಾರದ ಕಾಮಗಾರಿಯಾಗಿ. 1881ರಲ್ಲಿ ಅಧಿಕಾರ ಮತ್ತೆ ಒಡೆಯರ ಮನೆತನಕ್ಕೆ ಬಂದು, ದಿವಾನ್ ರಂಗಾಚಾರ್ಲು ಅವರ ಆಡಳಿತದಲ್ಲಿ 1882ರಲ್ಲಿ ಗಾಡಿ ಮೈಸೂರು ಮುಟ್ಟಿತು. ಆಮೇಲಿನ ಆಡಳಿತದ ಕಥೆ ಉದ್ದ. ಕಂಪನಿಯ ಕೈಗೆ ಹೋಗಿ, ಸಂಸ್ಥಾನದ ಕೈಗೆ ಮರಳಿ, 1951ರಲ್ಲಿ ದಕ್ಷಿಣ ರೈಲ್ವೆಯಲ್ಲಿ ಸೇರಿ, 2003ರ ಏಪ್ರಿಲ್ 1ರಿಂದ ಹುಬ್ಬಳ್ಳಿ ಕೇಂದ್ರವಾದ ನೈರುತ್ಯ ರೈಲ್ವೆಯ ಪಾಲಾಯಿತು. ಮೀಟರ್‌ಗೇಜ್ ಕಿತ್ತು ಬ್ರಾಡ್‌ಗೇಜ್ ಹಾಕಿದ್ದು 1990ರ ದಶಕದಲ್ಲಿ. ಹಳೆಯ ಉಗಿ ಎಂಜಿನ್ನುಗಳನ್ನು ನೋಡಬೇಕೆನ್ನುವವರು ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಅದು 1979ರಿಂದ ಇದೆ.

ಹಾಗಾದರೆ ಕರೆಂಟು ಏಕೆ ಇಷ್ಟು ತಡ? ಮೀಟರ್‌ಗೇಜ್ ಇದ್ದದ್ದೇ ಅಡ್ಡಿ ಎಂದು ಕೆಲವರು ಹೇಳುವುದುಂಟು. ಆ ಮಾತು ನಿಲ್ಲುವುದಿಲ್ಲ. ಮದರಾಸಿನ ಬೀಚ್ ನಿಲ್ದಾಣದಿಂದ ತಾಂಬರಂವರೆಗೆ 1931ರಲ್ಲೇ ಮೀಟರ್‌ಗೇಜಿನ ಮೇಲೆ ವಿದ್ಯುತ್ ಗಾಡಿ ಓಡಿತು. 1960ರ ದಶಕದಲ್ಲಿ ಆ ತಂತಿ ವಿಲ್ಲುಪುರಂವರೆಗೂ ಹೋಯಿತು, ಅದಕ್ಕೆಂದೇ ಜಪಾನಿನಿಂದ ಮೀಟರ್‌ಗೇಜ್ ವಿದ್ಯುತ್ ಎಂಜಿನ್ನುಗಳೂ ಬಂದವು. ನಿಜವಾದ ಕಾರಣ ದುಡ್ಡಿನದು. ಕಂಬ, ತಂತಿ, ಸಬ್‌ಸ್ಟೇಷನ್ ಎಲ್ಲಕ್ಕೂ ಮೊದಲೇ ದುಡ್ಡು ಸುರಿಯಬೇಕು, ದಿನಕ್ಕೆ ನಾಲ್ಕು ಗಾಡಿ ಓಡಿದರೂ ಅಷ್ಟೇ, ನಲವತ್ತು ಓಡಿದರೂ ಅಷ್ಟೇ. ಮುಂಬಯಿ, ಮದರಾಸುಗಳಲ್ಲಿ ಬೆಳಗ್ಗೆ ಸಂಜೆ ಆಫೀಸಿನ ಜನ ಹಿಂಡುಗಟ್ಟಲೆ ಓಡಾಡುತ್ತಿದ್ದರು, ಹೂಡಿದ್ದು ಹುಟ್ಟುತ್ತಿತ್ತು. ನಮ್ಮದು ಒಂಟಿ ಹಳಿ. ಎದುರಿನ ಗಾಡಿ ಬರುವ ತನಕ ಬಿಡದಿಯಲ್ಲೋ ಶೆಟ್ಟಿಹಳ್ಳಿಯಲ್ಲೋ ಕಾದು ನಿಲ್ಲುವ ದಾರಿಯಲ್ಲಿ ಗಾಡಿಗಳ ಸಂಖ್ಯೆ ಏರುವುದು ಎಲ್ಲಿಂದ ಬಂತು? ಗಾಡಿ ಕಡಿಮೆ ಎಂದು ತಂತಿ ಬರಲಿಲ್ಲ. ಜೋಡಿ ಹಳಿ ಬಂದರೆ ತಾನೇ ಗಾಡಿ ಹೆಚ್ಚುವುದು.

ಈ ನಡುವೆ ಮದರಾಸಿನ ಕಡೆಯಿಂದ ತಂತಿ 1990ರ ದಶಕದ ಆದಿಯಲ್ಲಿ ಬೆಂಗಳೂರು ಸಿಟಿ ನಿಲ್ದಾಣದವರೆಗೆ ಬಂದು ಅಲ್ಲೇ ನಿಂತುಬಿಟ್ಟಿತು. ಸುಮಾರು ಕಾಲು ಶತಮಾನ ಹಾಗೇ ನಿಂತಿತ್ತು. ಪೂರ್ವದ ವೈಟ್‌ಫೀಲ್ಡಿಗೆ ಕರೆಂಟು, ಪಶ್ಚಿಮದ ಕೆಂಗೇರಿಗೆ ಹೊಗೆ. ಚೆನ್ನೈನಿಂದ ಮೈಸೂರಿಗೆ ಹೋಗುವ ಗಾಡಿ ಒಂದೋ ಇಲ್ಲಿ ಎಂಜಿನ್ ಬದಲಿಸಬೇಕು, ಇಲ್ಲವೇ ಉದ್ದಕ್ಕೂ ತಂತಿ ಇದ್ದರೂ ಅದರ ಕೆಳಗೆ ಡೀಸೆಲ್ ಸುಡುತ್ತಾ ಬರಬೇಕು. ಎಂಜಿನ್ ಬದಲಿಸುವುದೆಂದರೆ ಕೊಂಡಿ ಬಿಚ್ಚಿ, ಹಳೆಯದನ್ನು ಆಚೆ ಕಳಿಸಿ, ಹೊಸದನ್ನು ತಂದು ಜೋಡಿಸಿ, ಬ್ರೇಕಿನ ಗಾಳಿ ಪರೀಕ್ಷೆ ಮಾಡಿ ಹೊರಡುವುದು. ಅಷ್ಟರಲ್ಲಿ ಕಾಫಿ ಕುಡಿದು ಬರಬಹುದಿತ್ತು, ಅದೊಂದು ಅನುಕೂಲ.

ಜೋಡಿ ಹಳಿಯ ಕೆಲಸ ತುಂಡುತುಂಡಾಗಿ ಮುಂದುವರಿದು, ಎಲ್ಲ ಮುಗಿಯಿತು ಎನ್ನುವಾಗ ಶ್ರೀರಂಗಪಟ್ಟಣದಲ್ಲಿ ಸಿಕ್ಕಿಕೊಂಡಿತು. ಸಿಕ್ಕಿಸಿದವನು ಟಿಪ್ಪು ಸುಲ್ತಾನ್. ಅವನ ಕಾಲದ ಒಂದು ಮದ್ದಿನ ಮನೆ, ಇಟ್ಟಿಗೆ ಗಾರೆಯ ದಪ್ಪ ಗೋಡೆಯ ಶಸ್ತ್ರಾಗಾರ, ಹೊಸ ಹಳಿ ಬರಬೇಕಾದ ಜಾಗದಲ್ಲೇ ಕೂತಿತ್ತು. ಸಂರಕ್ಷಿತ ಸ್ಮಾರಕ, ಕೆಡವುವಂತಿಲ್ಲ. ಹಳಿಯನ್ನು ಬಳಸಿ ಒಯ್ಯೋಣವೆಂದರೆ ಸುತ್ತ ಕೋಟೆ, ಹೊಳೆ. ಕೊನೆಗೆ ಕಟ್ಟಡವನ್ನೇ ಎತ್ತಿ ಪಕ್ಕಕ್ಕಿಡುವುದೆಂದು ತೀರ್ಮಾನವಾಯಿತು. ಸುಮಾರು ಸಾವಿರ ಟನ್ ತೂಗುವ ಶಸ್ತ್ರಾಗಾರದ ಅಡಿಗೆ ಉಕ್ಕಿನ ತೊಲೆ ತೂರಿಸಿ, ಜ್ಯಾಕ್ ಕೊಟ್ಟು ಮೇಲೆತ್ತಿ, ಅಮೆರಿಕದ ಕಟ್ಟಡ ಸಾಗಿಸುವ ಕಂಪನಿಯವರ ನೆರವಿನಿಂದ 2017ರ ಮಾರ್ಚ್‌ನಲ್ಲಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ಗೋಡೆ ಬಿರುಕು ಬಿಡಲಿಲ್ಲ. ರೈಲಿನಲ್ಲಿ ಮೈಸೂರಿಗೆ ಹೋಗುವವರು ಶ್ರೀರಂಗಪಟ್ಟಣ ಬಂದಾಗ ಮೊಬೈಲಿನಿಂದ ತಲೆ ಎತ್ತಬೇಕು. ನಮ್ಮ ರಾಜ್ಯದ ರೈಲ್ವೆ ಕಾಮಗಾರಿಗಳಲ್ಲಿ ಇಷ್ಟು ತಾಳ್ಮೆಯಿಂದ, ಇಷ್ಟು ಅಂದವಾಗಿ ಮುಗಿದದ್ದು ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಆ ಕೊನೆಯ ತುಂಡು ಕೂಡಿಕೊಂಡ ಮೇಲೆ ಉಳಿದದ್ದು ಬೇಗ ನಡೆಯಿತು. 2018ರ ಫೆಬ್ರವರಿ 19ರಂದು ಪ್ರಧಾನಿ ನರೇಂದ್ರ ಮೋದಿ ಅವರು ಮೈಸೂರಿನಲ್ಲಿ ವಿದ್ಯುದೀಕರಣಗೊಂಡ ಜೋಡಿ ಮಾರ್ಗವನ್ನು ಲೋಕಾರ್ಪಣೆ ಮಾಡಿ, ಉದಯಪುರಕ್ಕೆ ಹೋಗುವ ಪ್ಯಾಲೇಸ್ ಕ್ವೀನ್ ಹಮ್‌ಸಫರ್ ಗಾಡಿಗೆ ಹಸಿರು ನಿಶಾನೆ ತೋರಿದರು. ಚೆನ್ನೈನಲ್ಲಿ ಪ್ಯಾಂಟೊ ಎತ್ತಿದ ಎಂಜಿನ್ ಈಗ ಮೈಸೂರಿನಲ್ಲೇ ಅದನ್ನು ಇಳಿಸಿದರಾಯಿತು. 2022ರ ನವೆಂಬರ್ 11ರಂದು ವಂದೇ ಭಾರತ್ ಬಂದದ್ದೂ ಇದೇ ತಂತಿಯ ಕೆಳಗೆ.

ಪ್ಯಾಂಟೊ ಎಂದೆ, ರೈಲ್ವೆಯವರ ಬಾಯಲ್ಲಿ ಪ್ಯಾಂಟೋಗ್ರಾಫ್ ಇಷ್ಟು ಚಿಕ್ಕದಾಗಿದೆ. ಕೆಂಗೇರಿಯ ಪ್ಲಾಟ್‌ಫಾರ್ಮಿನಲ್ಲಿ ಗಾಡಿ ಕಾಯುವ ಹೊತ್ತಿನಲ್ಲಿ ಒಮ್ಮೆ ಮೇಲೆ ನೋಡಿ. ತಂತಿ ಹಳಿಯ ನಡುಮಧ್ಯಕ್ಕೆ ನೆಟ್ಟಗೆ ಹೋಗುವುದಿಲ್ಲ. ಒಂದು ಕಂಬದ ಹತ್ತಿರ ಎಡಕ್ಕೆ ಸುಮಾರು ಒಂದು ಗೇಣು, ಮುಂದಿನ ಕಂಬದ ಹತ್ತಿರ ಬಲಕ್ಕೆ ಅಷ್ಟೇ, ಹೀಗೆ ಅಂಕುಡೊಂಕಾಗಿ ಸಾಗುತ್ತದೆ. ಬೇಕೆಂದೇ ಹಾಗೆ ಕಟ್ಟುತ್ತಾರೆ. ನೆಟ್ಟಗೆ ಕಟ್ಟಿದರೆ ಪ್ಯಾಂಟೊ ಮೇಲಿನ ಪಟ್ಟಿಯ ಒಂದೇ ಜಾಗ ತಿಕ್ಕಿ ತಿಕ್ಕಿ ಗುಳಿಬಿದ್ದು ಮುರಿದೀತು. ಡೊಂಕಾಗಿದ್ದರೆ ಇಡೀ ಪಟ್ಟಿ ಸಮನಾಗಿ ಸವೆಯುತ್ತದೆ. ಅಲ್ಲಲ್ಲಿ ಕೆಲವು ಕಂಬಗಳ ಪಕ್ಕದಲ್ಲಿ ಎರಕದ ತೂಕಗಳು ರಾಟೆಗೆ ನೇತುಬಿದ್ದಿರುತ್ತವೆ. ಬಿಸಿಲಿಗೆ ತಂತಿ ಹಿಗ್ಗಿದರೆ ತೂಕ ಕೆಳಗಿಳಿದು ತಂತಿಯನ್ನು ಬಿಗಿ ಮಾಡುತ್ತದೆ, ರಾತ್ರಿ ಚಳಿಗೆ ತಂತಿ ಕುಗ್ಗಿದರೆ ತೂಕ ಮೇಲೇರುತ್ತದೆ. ಆ ತಂತಿಯಲ್ಲಿರುವುದು 25,000 ವೋಲ್ಟ್. ಮನೆಯ ಕರೆಂಟಿನ ನೂರು ಪಟ್ಟಿಗೂ ಮಿಗಿಲು. ಮುಟ್ಟುವುದಿರಲಿ, ಹತ್ತಿರ ಹೋದರೂ ಎಳೆದುಕೊಳ್ಳುತ್ತದೆ; ನಿಂತ ಗಾಡಿಯ ಮೇಲೆ ಹತ್ತಿ ಸೆಲ್ಫಿ ತೆಗೆಯುವ ಹುಡುಗರಿಗೆ ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಈಗ ಎಂಜಿನ್ ನೋಡಿ. ಬಿಳಿ ಮೈ, ಕೆಂಪು ಪಟ್ಟೆ ಇದ್ದರೆ ಬಹುಮಟ್ಟಿಗೆ ಅದು ಡಬ್ಲ್ಯುಎಪಿ-7. ಬಂಗಾಳದ ಚಿತ್ತರಂಜನ್ ಕಾರ್ಖಾನೆಯಲ್ಲಿ ರೂಪುಗೊಂಡ ಪ್ಯಾಸೆಂಜರ್ ಎಂಜಿನ್. ಆರು ಸಾವಿರ ಅಶ್ವಶಕ್ತಿಗೂ ಹೆಚ್ಚು, 123 ಟನ್ ತೂಕ. ತಲೆಯ ಮೇಲೆ ಎರಡು ಪ್ಯಾಂಟೊ ಇದ್ದರೂ ಓಡುವಾಗ ಸಾಮಾನ್ಯವಾಗಿ ಹಿಂದಿನದು ಮಾತ್ರ ಮೇಲೆದ್ದಿರುತ್ತದೆ. ತಂತಿಗೆ ಸಿಕ್ಕಿ ಮುರಿದರೂ ಚೂರುಗಳು ಇನ್ನೊಂದರ ಮೇಲೆ ಬೀಳದೆ ಹಿಂದಕ್ಕೆ ಹೋಗಲಿ ಎಂದು. ಒಳಗೆ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ತಗ್ಗಿಸುತ್ತದೆ, ಕನ್ವರ್ಟರ್ ಅದನ್ನು ಮೊದಲು ಡಿ.ಸಿ.ಗೆ, ಆಮೇಲೆ ಮೂರು ಫೇಸಿನ ಎ.ಸಿ.ಗೆ ಬದಲಿಸಿ ಆರು ಅಚ್ಚಿನ ಆರು ಮೋಟಾರುಗಳಿಗೆ ಹಂಚುತ್ತದೆ. ಬ್ರೇಕ್ ಹಾಕುವಾಗ ಅದೇ ಮೋಟಾರುಗಳು ಜನರೇಟರುಗಳಾಗಿ ಕರೆಂಟನ್ನು ತಂತಿಗೆ ವಾಪಸು ಕಳಿಸುತ್ತವೆ. ಹೊಸ ಬಗೆಯ ಬೋಗಿಗಳಿದ್ದರೆ ದೀಪ, ಫ್ಯಾನು, ಎ.ಸಿ.ಗೂ ಎಂಜಿನ್ನಿನಿಂದಲೇ ಕರೆಂಟು. ಮೊದಲು ಗಾಡಿಯ ತುದಿಯಲ್ಲಿ ಡೀಸೆಲ್ ಜನರೇಟರ್ ಗುಡುಗುತ್ತಿದ್ದ ಬೋಗಿ ಈಗ ತಣ್ಣಗಿರುತ್ತದೆ.

ಆ ಕನ್ವರ್ಟರಿನ ಮಾತು ಬಂದದ್ದರಿಂದ ಸ್ವಲ್ಪ ನಿಲ್ಲಬೇಕು. ಪಶ್ಚಿಮ ಬೆಂಗಳೂರಿನವರಿಗೇ ಗೊತ್ತಿಲ್ಲದ ಸಂಗತಿ ಇಲ್ಲಿದೆ. ಮೈಸೂರು ರಸ್ತೆಯಲ್ಲಿ ಬಿಎಚ್‌ಇಎಲ್‌ನ ಎಲೆಕ್ಟ್ರಾನಿಕ್ಸ್ ವಿಭಾಗದ ಕಾರ್ಖಾನೆ ಇದೆಯಲ್ಲ, ಬಸ್ಸಿನಲ್ಲಿ ಸಾವಿರ ಸಲ ದಾಟಿದ್ದೇವೆ. ಮೊದಲು ಅದು ರೆಮ್ಕೊ ಎಂಬ ರೇಡಿಯೊ ಮತ್ತು ವಿದ್ಯುತ್ ಉಪಕರಣಗಳ ಕಾರ್ಖಾನೆ. ವಿಜಯನಗರದ ರೆಮ್ಕೊ ಲೇಔಟ್ ಇವತ್ತಿಗೂ ಆ ಹೆಸರು ಹೊತ್ತಿದೆ. 1970ರ ದಶಕದಲ್ಲಿ ಅದು ಬಿಎಚ್‌ಇಎಲ್ ಪಾಲಾಯಿತು. ಅಲ್ಲಿ ತಯಾರಾಗುವ ಸರಕುಗಳಲ್ಲಿ ವಿದ್ಯುತ್ ಎಂಜಿನ್ನುಗಳ ಟ್ರಾಕ್ಷನ್ ಕನ್ವರ್ಟರ್ ಮತ್ತು ನಿಯಂತ್ರಣ ಎಲೆಕ್ಟ್ರಾನಿಕ್ಸ್ ಕೂಡ ಸೇರಿವೆ, ಅಂದರೆ ಎಂಜಿನ್ನಿನ ಮಿದುಳು. ಇತ್ತ ರಾಜಾಜಿನಗರದ ಕಡೆ 1946ರಲ್ಲಿ ಶುರುವಾದ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಮೋಟಾರು, ಟ್ರಾನ್ಸ್‌ಫಾರ್ಮರುಗಳನ್ನು ದೇಶಕ್ಕೆಲ್ಲ ಕೊಟ್ಟಿತು. ವಿಜಯನಗರ, ರಾಜಾಜಿನಗರ, ಬಸವೇಶ್ವರನಗರದ ಎಷ್ಟೋ ಮನೆಗಳ ಸೈಟು, ಗೃಹಪ್ರವೇಶ, ಮಕ್ಕಳ ಓದು ನಡೆದದ್ದು ಇಂಥ ಕಾರ್ಖಾನೆಗಳ ಸಂಬಳದಲ್ಲಿ. ದೂರದೂರಿನ ಎಂಜಿನ್ನುಗಳಿಗೆ ಕನ್ವರ್ಟರ್ ಮಾಡಿಕೊಟ್ಟ ಕೈಗಳು ಸಂಜೆ ಶಿಫ್ಟ್ ಮುಗಿಸಿ ಮನೆಗೆ ಹೊರಟರೆ, ಪಕ್ಕದ ಹಳಿಯ ಮೇಲೆ ಡೀಸೆಲ್ ಗಾಡಿ ಹೊಗೆ ಬಿಡುತ್ತಾ ನಾಯಂಡಹಳ್ಳಿಗೆ ಬರುತ್ತಿತ್ತು.

ಇನ್ನು ಜನ. ಈ ದಾರಿಯ ಜೀವ ಅಪ್ ಅಂಡ್ ಡೌನ್ ಮಾಡುವವರು. ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರಗಳಲ್ಲಿ ಮನೆ, ಬೆಂಗಳೂರಿನಲ್ಲಿ ಕೆಲಸ. ರೈಲ್ವೆಯ ಮಾಸಿಕ ಸೀಸನ್ ಟಿಕೆಟ್ 150 ಕಿ.ಮೀ.ವರೆಗೆ ಸಿಗುತ್ತದೆ; ಮೈಸೂರು ಅದರ ಒಳಗೇ ಬರುತ್ತದೆ, ನಮ್ಮ ಪುಣ್ಯ. ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ ಇವರಿಗೆಲ್ಲ ಗೊತ್ತಾದ ಜಾಗ, ಗೊತ್ತಾದ ಜೊತೆ. ಮಂಡ್ಯದಲ್ಲಿ ಹತ್ತಿದವರು ಮೈಸೂರಿನವರನ್ನು “ವಸಿ ಜರುಗಿ ಸಾ” ಎನ್ನುತ್ತಾರೆ, ಮೂರು ಜನರ ಸೀಟಿನಲ್ಲಿ ನಾಲ್ಕನೆಯವರಿಗೂ ಜಾಗವಾಗುತ್ತದೆ. ಹೂ ಕಟ್ಟುವವರು ಹೂ ಕಟ್ಟುತ್ತಾರೆ, ಇಸ್ಪೀಟಿನವರು ಬ್ರೀಫ್‌ಕೇಸ್ ಮಂಡಿ ಮೇಲೆ ಹಾಸುತ್ತಾರೆ. ಕೆಂಗೇರಿ ಬಂದಾಗ ಅರ್ಧ ಗಾಡಿ ಎದ್ದು ನಿಂತಿರುತ್ತದೆ: ವಿಶ್ವವಿದ್ಯಾಲಯದವರು, ಮೈಸೂರು ರಸ್ತೆಯ ಕಾರ್ಖಾನೆಯವರು, ಇಲ್ಲಿಂದ ಮೆಟ್ರೊ ಹಿಡಿಯುವವರು. ಟಿಪ್ಪು ಎಕ್ಸ್‌ಪ್ರೆಸ್ಸಿಗೆ 2022ರ ಅಕ್ಟೋಬರ್‌ನಲ್ಲಿ ಒಡೆಯರ್ ಎಕ್ಸ್‌ಪ್ರೆಸ್ ಎಂದು ಹೆಸರು ಬದಲಾಯಿತು. ಹಳಬರು ಯಾವ ಹೆಸರಿನಲ್ಲಿ ಕರೆಯುತ್ತಾರೆಂದು ಅದರಲ್ಲೇ ಕೂತು ಕೇಳಬೇಕು.

ಎಂಜಿನ್ ಡೀಸೆಲಿನದಾದರೇನು, ಕರೆಂಟಿನದಾದರೇನು, ಒಳಗೆ ಕೂತವರಿಗೆ ಏನು ವ್ಯತ್ಯಾಸ ಎಂದು ಕೇಳಬಹುದು. ನಿಂತ ಗಾಡಿ ವೇಗ ಹಿಡಿಯುವುದರಲ್ಲಿ ವ್ಯತ್ಯಾಸವಿದೆ. ವಿದ್ಯುತ್ ಎಂಜಿನ್ ತನ್ನ ಶಕ್ತಿಯನ್ನು ತಾನೇ ಹುಟ್ಟಿಸಬೇಕಾಗಿಲ್ಲ, ತಂತಿಯಿಂದ ಎಳೆದುಕೊಳ್ಳುತ್ತದೆ. ಹೆಜ್ಜಾಲ, ಬಿಡದಿ, ಕೇತೋಹಳ್ಳಿ, ರಾಮನಗರ ಎಂದು ಮೇಲಿಂದ ಮೇಲೆ ನಿಲ್ಲುವ ಗಾಡಿಗೆ ಪ್ರತಿ ನಿಲ್ದಾಣದಲ್ಲೂ ಉಳಿಯುವ ಚೂರುಪಾರು ಸಮಯ ಕೂಡಿ ಕೂಡಿ ನಿಮಿಷಗಳಾಗುತ್ತವೆ. ಆದರೂ ನಿಷ್ಠುರವಾಗಿ ಹೇಳಬೇಕೆಂದರೆ, ಅಡಿಗಡಿಗೆ ನಿಲ್ಲುವ ಓಡಾಟಕ್ಕೆ ಇಪ್ಪತ್ತು ಬೋಗಿಯ ತಲೆಗೆ ಒಂದು ಎಂಜಿನ್ ಕಟ್ಟುವುದು ಒಳ್ಳೆಯ ಉಪಾಯವಲ್ಲ. ಎಳೆಯುವ ಭಾರವೆಲ್ಲ ಆರು ಅಚ್ಚುಗಳ ಮೇಲೆ ಬೀಳುತ್ತದೆ. ಮೆಮು ಎಂಬ ವಿದ್ಯುತ್ ಗಾಡಿಯಲ್ಲಿ ಮೂರು ಬೋಗಿಗೊಂದು ಮೋಟಾರು ಬೋಗಿ ಸೇರಿ ಶಕ್ತಿ ಗಾಡಿಯುದ್ದಕ್ಕೂ ಹರಡಿರುತ್ತದೆ, ಎರಡು ತುದಿಗೂ ಡ್ರೈವರ್ ಕೋಣೆ ಇರುತ್ತದೆ, ಕೊನೆಯ ನಿಲ್ದಾಣದಲ್ಲಿ ಎಂಜಿನ್ ಬಿಚ್ಚಿ ಆ ಕಡೆಗೆ ಒಯ್ಯುವ ರಗಳೆ ಇಲ್ಲ. ಡೀಸೆಲ್ ಕಾಲದಲ್ಲಿ ಈ ಅನುಕೂಲಕ್ಕೆಂದೇ ಓಡಿಸಿದ ಗಾಡಿಯನ್ನು ಮಂಡ್ಯದ ಜನ ಪುಷ್‌ಪುಲ್ ಎಂದೇ ಕರೆದರು. ಮೆಮುವನ್ನೂ ಕೆಲವರು ಅದೇ ಹೆಸರಿನಲ್ಲಿ ಕರೆಯುವುದನ್ನು ಕೇಳಿದ್ದೇನೆ. ಎಂಜಿನ್ ಕಟ್ಟಿದ ಗಾಡಿಗಳು ದೂರದ ಊರುಗಳಿಗೆ ಇರಲಿ, ಕೆಂಗೇರಿ–ರಾಮನಗರ–ಮಂಡ್ಯದ ಆಫೀಸು ಜನಕ್ಕೆ ಮೆಮು ಹೆಚ್ಚಬೇಕು.

ನಮ್ಮ ಕಡೆಯ ಇನ್ನೊಂದು ವಿದ್ಯುತ್ ರೈಲು ಮೆಟ್ರೊ. ಅದು ತಲೆಯ ಮೇಲಿನ ತಂತಿ ಮುಟ್ಟುವುದಿಲ್ಲ. ಹಳಿಯ ಪಕ್ಕದ ಮೂರನೆಯ ಹಳಿಯಿಂದ 750 ವೋಲ್ಟ್ ಡಿ.ಸಿ. ತೆಗೆದುಕೊಳ್ಳುತ್ತದೆ. ರಾಜಾಜಿನಗರಕ್ಕೆ 2014ರ ಮಾರ್ಚ್ 1ರಂದು ಹಸಿರು ಮಾರ್ಗ ಬಂತು, ವಿಜಯನಗರ, ಅತ್ತಿಗುಪ್ಪೆಗಳಿಗೆ 2015ರ ನವೆಂಬರ್‌ನಲ್ಲಿ ನೇರಳೆ ಮಾರ್ಗ, ಕೆಂಗೇರಿಗೆ 2021ರ ಆಗಸ್ಟ್‌ನಲ್ಲಿ, ಚಲ್ಲಘಟ್ಟಕ್ಕೆ 2023ರ ಅಕ್ಟೋಬರ್‌ನಲ್ಲಿ. ಬಸವೇಶ್ವರನಗರದವರು ಎರಡು ಮಾರ್ಗಗಳ ನಡುವೆ ಉಳಿದುಬಿಟ್ಟರು; ಹೊಸಹಳ್ಳಿಯಿಂದ ಮಾಗಡಿ ರಸ್ತೆಯಲ್ಲಿ ಕಡಬಗೆರೆವರೆಗೆ 12.5 ಕಿ.ಮೀ.ಗೆ 2024ರ ಆಗಸ್ಟ್‌ನಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿದೆ. ಮೆಟ್ರೊ ಕಟ್ಟುವಾಗ ಒಂದು ಕಡೆ ಮನಸ್ಸು ಕೊಡಲಿಲ್ಲ. ನಾಯಂಡಹಳ್ಳಿ, ಜ್ಞಾನಭಾರತಿ, ಕೆಂಗೇರಿ ಮೂರೂ ಹೆಸರುಗಳು ರೈಲಿಗೂ ಇವೆ, ಮೆಟ್ರೊಗೂ ಇವೆ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದವರು ಮಾತ್ರ ಮಳೆಬಿಸಿಲಲ್ಲಿ ರಸ್ತೆಗಿಳಿಯಬೇಕು.

ಬೆಂಗಳೂರಿಗೆ ಉಪನಗರ ರೈಲು ಬೇಕೆಂದು ದಕ್ಷಿಣ ರೈಲ್ವೆಯ ತಂಡ ಸೂಚಿಸಿದ್ದು 1983ರಲ್ಲಿ. 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿತು: ನಾಲ್ಕು ಮಾರ್ಗ, 148 ಕಿ.ಮೀ., 15,767 ಕೋಟಿ ರೂಪಾಯಿ, ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂಬ ಚೆಂದದ ಹೆಸರುಗಳು. ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಹೋಗುವ 35.52 ಕಿ.ಮೀ. ಪಾರಿಜಾತ ನಮ್ಮದು. 2022ರ ಜೂನ್ 20ರಂದು ಶಂಕುಸ್ಥಾಪನೆ ನಡೆದದ್ದು ಕೆಂಗೇರಿಯ ಮಗ್ಗುಲಲ್ಲಿರುವ ಕೊಮ್ಮಘಟ್ಟದಲ್ಲಿ. ಅದೇ ವೇದಿಕೆಯಿಂದ ಕೊಂಕಣ ರೈಲ್ವೆಯ ಸುಮಾರು 740 ಕಿ.ಮೀ. ವಿದ್ಯುದೀಕರಣವೂ ಲೋಕಾರ್ಪಣೆಯಾಯಿತು, ಉಡುಪಿಯಲ್ಲಿ ವಿದ್ಯುತ್ ಗಾಡಿಗೆ ನಿಶಾನೆ ಬಿತ್ತು. ಸಮಾರಂಭ ನಮ್ಮ ಕಡೆ ಆಯಿತು, ಆದರೆ ಕಾಮಗಾರಿಗೆ ಮೊದಲು ಕೈಹಾಕಿದ್ದು ಮಲ್ಲಿಗೆ, ಕನಕ ಮಾರ್ಗಗಳಿಗೆ.

ಪಾರಿಜಾತ ಆಗುವಾಗ ಆಗಲಿ. ಕೆಂಗೇರಿಯಿಂದ ನಗರ ನಿಲ್ದಾಣ, ಕಂಟೋನ್ಮೆಂಟ್ ದಾಟಿ ವೈಟ್‌ಫೀಲ್ಡ್‌ವರೆಗೆ ಇಂದೇ ಎರಡು ಹಳಿ ಇವೆ, ಅವುಗಳ ಮೇಲೆ ಕಡಿಯದ ತಂತಿ ಇದೆ. ರೈಲ್ವೆಯವರು ಬೆಳಗ್ಗೆ ಎರಡು, ಸಂಜೆ ಎರಡು ಮೆಮು ಹೆಚ್ಚಿಗೆ ಓಡಿಸಲಿ, ನಾಯಂಡಹಳ್ಳಿ ಮತ್ತು ಜ್ಞಾನಭಾರತಿಯಲ್ಲಿ ಮೆಟ್ರೊವರೆಗೆ ಸೂರಿರುವ ಕಾಲುದಾರಿ ಹಾಕಿಕೊಡಲಿ. ಈ ಸಂಚಿಕೆಯ ಓದುಗರೂ ಒಂದು ಕೆಲಸ ಮಾಡಬಹುದು: ಮುಂದಿನ ಸಲ ರಾಮನಗರಕ್ಕೋ ಮಂಡ್ಯಕ್ಕೋ ಹೋಗುವಾಗ ಕಾರು ಬಿಟ್ಟು ಕೆಂಗೇರಿಯಲ್ಲಿ ಟಿಕೆಟ್ ತೆಗೆಯಿರಿ. ಗಾಡಿ ಹೆಚ್ಚಿಸಿ ಎಂದು ಕೇಳುವಾಗ ರೈಲ್ವೆಯವರು ಮೊದಲು ನೋಡುವುದು ಮಾರಾಟವಾದ ಟಿಕೆಟ್ಟಿನ ಲೆಕ್ಕವನ್ನೇ.